ಮೊದಲ ಗಿರಾಕಿಯ ಮದುವೆ ಕ್ಯಾಸೆಟ್ಟು

ಕೊಳ್ಳೇಗಾಲದ ಶಿವರುದ್ರಸ್ವಾಮಿ ಮನೆಬಾಗಿಲಿಗೆ ಬೋರ್ಡು ನೇತುಹಾಕಿದ್ದೇ ತಪ್ಪಾಯಿತು. ‘ಹಳೆಯ ವಿಡಿಯೋ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡಲಾಗುವುದು.’ ಸೀರೆ ಅಂಗಡಿಯ ಈ ಗುಮಾಸ್ತನಿಗೆ ಅದು ಇಷ್ಟು ದಿನ ಬರೀ ಭಾನುವಾರದ ಹುಚ್ಚು. ಊರವರ ಮದುವೆ, ನಾಮಕರಣಗಳನ್ನೆಲ್ಲ ಬಿಟ್ಟಿಯಾಗಿ ಮಾಡಿಕೊಡುತ್ತಿದ್ದ. ಹೆಂಡತಿ ಅನಸೂಯಳ ತಾಳ್ಮೆ ಮುಗಿದಿತ್ತು.

“ಇವತ್ತು ಒಬ್ರಾದ್ರೂ ಕಾಸು ಕೊಟ್ಟು ಮಾಡಿಸ್ಬೇಕು. ಇಲ್ದಿದ್ರೆ ನಾಳೆ ಆ ವಿಸಿಆರು ಗುಜರಿಗೆ. ನೆಂಟ್ರಾದ್ರೂ ಅಷ್ಟೇ, ಇಷ್ಟ್ರಾದ್ರೂ ಅಷ್ಟೇ!”

ಶಿವರುದ್ರಸ್ವಾಮಿ ಓಡಿಹೋಗಿ ವಿಸಿಆರಿಗೆ ಅಡ್ಡ ನಿಂತ. ಕ್ಯಾಸೆಟ್ಟು ಓಡಿಸುವ ಅಂಥ ಪೆಟ್ಟಿಗೆ ಈಗ ಹುಡುಕಿದರೂ ಸಿಗುವುದಿಲ್ಲ.

ಪುಣ್ಯಕ್ಕೆ ತಿಂಡಿ ಹೊತ್ತಿಗೇ ಮುಳ್ಳೂರಿನ ಕೆಂಪನಂಜಪ್ಪ ಬಂದರು. ಟವೆಲ್ಲಿನಲ್ಲಿ ಕ್ಯಾಸೆಟ್ಟು ಸುತ್ತಿ ತಂದಿದ್ದರು.

“ನನ್ ಮದ್ವೇದು ಕಣಪ್ಪಾ, ಅಟ್ಟದ ಮ್ಯಾಲೆ ಸಿಕ್ತು. ಎಷ್ಟಾದ್ರೂ ಆಗ್ಲಿ, ಮಾಡ್ಕೊಡು.”

ಎಷ್ಟಾದರೂ ಆಗಲಿ! ಶಿವರುದ್ರಸ್ವಾಮಿಗೆ ಅವರನ್ನು ಅಪ್ಪಿಕೊಳ್ಳುವಷ್ಟು ಖುಷಿಯಾಯಿತು. ಬೂಸ್ಟು ಒರೆಸಿ ಕ್ಯಾಸೆಟ್ಟನ್ನು ಒಳಗೆ ತಳ್ಳಿದ.

ಈ ಕಸುಬಿನ ಗ್ರಹಚಾರವೆಂದರೆ, ಮೂರು ಗಂಟೆಯ ಮದುವೆಯನ್ನು ಇಳಿಸಿಕೊಳ್ಳಲು ಮೂರು ಗಂಟೆ ಓಡಿಸಲೇಬೇಕು. ವಾಲಗದ ಸದ್ದು ಬೀದಿಗೆ ಬಿತ್ತು. ಪಕ್ಕದ ಮನೆಯ ಪುಟ್ಟಸಿದ್ದಯ್ಯ ಕಿಟಕಿಯಲ್ಲಿ ಮೂಗು ತೂರಿಸಿದ.

“ಯಾರ್ ಮದ್ವೆ ಸಾ?” ಎನ್ನುತ್ತಲೇ ಒಳಗೆ ಬಂದು ಕೂತ. ಹಿಂದೆಯೇ ಎದುರುಮನೆಯ ಕುಸುಮ.

“ಅಯ್ಯಯ್ಯೋ, ನಿಲ್ಸಿ! ಪಂಕ್ತೀಲಿ ಕುಂತಿರಾದು ನಾನೇ ಕಣ್ರೀ!” ಎಂದು ಪುಟ್ಟಸಿದ್ದಯ್ಯ ಕೂಗಿದ.

“ತಲೆ ತುಂಬಾ ಕೂದ್ಲದೆ. ಅದೆಂಗೆ ನೀವಾಗ್ತೀರಾ?” ಎಂದಳು ಕುಸುಮ.

ಪುಟ್ಟಸಿದ್ದಯ್ಯನಿಗೆ ರೋಷ ಬಂತು. ಸರಿಯಾಗಿ ತೋರಿಸುತ್ತೇನೆಂದು ತಾನೇ ಗುಂಡಿ ಒತ್ತಿ ಹಿಂದಕ್ಕೆ ತಿರುಗಿಸಿಬಿಟ್ಟ. ಅಷ್ಟು ಹೊತ್ತಿನ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಮತ್ತೆ ಮೊದಲಿಂದ ಹಾಕಿದರೆ ಧಾರೆ ಹೊತ್ತಿಗೆ ಕರೆಂಟು ಹೋಯಿತು. ಕರೆಂಟು ಬಂದ ಮೇಲೆ ರೀಲು ಸಿಕ್ಕಿಕೊಂಡು ಶಾವಿಗೆಯ ಹಾಗೆ ಆಚೆ ಬಂತು.

“ಆಳಾಯ್ತೇನಪ್ಪಾ?” ಕೆಂಪನಂಜಪ್ಪ ಎದ್ದು ಬಂದರು. “ನಮ್ಮವ್ಳು ಓದ್ ವರ್ಸ ತೀರ್ಕಂಡ್ಳು. ಅವ್ಳು ನಗಾದು ಇದ್ರಲ್ಲಿ ಮಾತ್ರ ಇರಾದು.”

ಶಿವರುದ್ರಸ್ವಾಮಿ ಕ್ಯಾಸೆಟ್ಟನ್ನು ಮೆಲ್ಲಗೆ ಆಚೆ ತೆಗೆದ. ಉಸಿರು ಬಿಗಿಹಿಡಿದು ಬೆರಳಿನಿಂದ ರೀಲನ್ನು ಸುತ್ತಿ ಮತ್ತೆ ಒಳಗೆ ತಳ್ಳಿದ. ಮದುಮಗಳು ಮತ್ತೆ ನಕ್ಕಾಗ ಕೂತವರೆಲ್ಲ ಉಸಿರುಬಿಟ್ಟರು.

ಆಮೇಲೆ ಮುಯ್ಯಿ ಓದುವುದು ಬಂತು. ಯಾರು ಯಾವ ಪಾತ್ರೆ ಕೊಟ್ಟರೆಂದು ಮೈಕಿನಲ್ಲಿ ಕೂಗಿ ಹೇಳುವುದು ಆಗಿನ ಪದ್ಧತಿ. ಕೊಟ್ಟವರ ಮನೆಯ ಮದುವೆಗೆ ಅಷ್ಟನ್ನೇ ತಿರುಗಿಸಬೇಕಲ್ಲ! “ಕೊಳ್ಳೇಗಾಲದ ನಂಜುಂಡಯ್ಯನವರಿಂದ ತಾಮ್ರದ ಬಿಂದಿಗೆ!”

“ನಿಮ್ಮಪ್ಪಾರೇ ಸಾ!” ಪುಟ್ಟಸಿದ್ದಯ್ಯ ಶಿವರುದ್ರಸ್ವಾಮಿಯತ್ತ ತಿರುಗಿ ಕುಣಿದ. “ಮುಯ್ಯಿ ಮಾಡಿದ್ ಮನೆ. ಕಾಸು ಈಸ್ಕಂಡಾರಾ?”

ಶಿವರುದ್ರಸ್ವಾಮಿ ಅಡಿಗೆಮನೆಯತ್ತ ನೋಡಿ ಮನಸ್ಸು ಗಟ್ಟಿ ಮಾಡಿಕೊಂಡ. “ಮುಯ್ಯಿ ಬೇರೆ, ಕಸುಬು ಬೇರೆ.”

“ಅಂಗನ್ನಿ!” ಒಳಗಿಂದ ಅನಸೂಯಳ ದನಿ.

“ನ್ಯಾಯ್ವಾಗ್ ಏಳ್ದೆ ಕಣಪ್ಪಾ” ಎಂದು ಕೆಂಪನಂಜಪ್ಪ ಜೇಬಿಗೆ ಕೈಹಾಕಿದರು.

“ಯಳಂದೂರಿನ ಶಿವನಂಜಮ್ಮನವರಿಂದ ಹಿತ್ತಾಳೆ ಕೊಳಗ!” ಎಂದಿತು ಮೈಕು.

ಒಳಗೆ ಸೌಟು ಬಿದ್ದ ಸದ್ದಾಯಿತು. ಅನಸೂಯ ಓಡಿಬಂದಳು. ಪರದೆಯ ಮೇಲೆ ಸಣಕಲು ಹೆಂಗಸೊಬ್ಬಳು ಕೊಳಗ ಕೊಟ್ಟು, ನಾಚಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

“ನಮ್ಮವ್ವ! ಒಂದ್ ಫೋಟೋನೂ ಇಲ್ಲ ಕಣ್ರೀ ನಮ್ಮವ್ವಂದು...” ಅನಸೂಯ ಗೊಳೋ ಎಂದು ಅತ್ತಳು. ಅವಳು ಚಿಕ್ಕವಳಿರುವಾಗಲೇ ತಾಯಿ ಹೋಗಿದ್ದಳು.

“ಶಿವನಂಜಕ್ಕನ್ ಮಗ್ಳೇನವ್ವಾ ನೀನು!” ಎಂದ ಕೆಂಪನಂಜಪ್ಪನವರ ಕೈಯಲ್ಲಿ ನೋಟುಗಳಿದ್ದವು. ಶಿವರುದ್ರಸ್ವಾಮಿ ಮೆಲ್ಲಗೆ ಕೈ ಚಾಚಿದ.

“ರೀ, ನಾಚ್ಕೆ ಆಗಲ್ವಾ? ” ಅನಸೂಯ ಗಂಡನನ್ನು ಗದರಿದಳು. “ಕಾಸು ಒಳಗಿಡಿ ಅಣ್ಣಾ, ಊಟ ಮಾಡ್ಕಂಡೇ ಓಗ್ಬೇಕು ನೀವು!”

ಚಾಚಿದ ಕೈಯಿಂದ ಶಿವರುದ್ರಸ್ವಾಮಿ ತಲೆ ಕೆರೆದುಕೊಂಡ. ಅಷ್ಟರಲ್ಲಿ ಅನಸೂಯ ಕಣ್ಣೊರೆಸಿಕೊಂಡು ಫೋನು ಹಿಡಿದಿದ್ದಳು.

“ಚಿಕ್ಕಮ್ಮಾ, ಅಗರ, ಯಳಂದೂರು, ಹನೂರು, ಎಲ್ಲಾ ಕಡೆ ಏಳ್ಬುಡಿ. ಅಳೇ ಮದ್ವೆ ಕ್ಯಾಸೆಟ್ ಎಷ್ಟಿದ್ರೂ ತರ್ಲಿ. ನಮ್ಮವ್ವ ಯಾವ್ಯಾವ್ ಮದ್ವೇಲಿ ಮುಯ್ಯಿ ಮಾಡವ್ಳೋ ನೋಡ್ಬೇಕು ನಾನು. ಏನು, ಕಾಸಾ? ಥೂ, ಬುಡ್ತು ಅನ್ನಿ! ನಮ್ಮನೆಯೋರ್ಗೆ ಬ್ಯಾರೆ ಏನ್ ಕೆಲ್ಸ ಅದೆ?”