ಸಾಹೇಬರ ಕಾಫಿಗೆ ಸ್ಪ್ರೇ ಪಂಪಿನ ನಾಜಲ್

ಯಾವುದೇ ಸಾಮಾನು ಕೊಳ್ಳುವಾಗ, ಮಾರುವವನು ಯಾವ ಭಾಗವನ್ನು ಹೆಚ್ಚು ಹೊಗಳುತ್ತಾನೋ ಅದನ್ನು ಬಿಟ್ಟು ಉಳಿದದ್ದನ್ನು ಕೊಳ್ಳಬೇಕು. ಸೈಕಲ್ ಮೇಲೆ ಬೀಜದ ಪಾಕೀಟು ಮಾರುತ್ತ ಹೊರಟು, ದೋರನಹಳ್ಳಿಯಲ್ಲಿ ಸ್ವಂತ ಅಂಗಡಿ ಹಾಕಿದ ನಾನು ಈ ಸೂತ್ರವನ್ನು ಕೇಳಿದವರಿಗೂ ಕೇಳದವರಿಗೂ ಪುಕ್ಕಟೆಯಾಗಿ ಹೇಳುತ್ತ ಬಂದವನು. ಕಾಫಿ ಯಂತ್ರ ಕೊಂಡದ್ದೂ ಇದೇ ಸೂತ್ರದಿಂದ.

ನಮ್ಮದು ಚಹಾದ ಊರು. ಕಾಫಿಗೂ ನನಗೂ ಸಂಬಂಧ ಬಂದದ್ದು ಕಾಲುವೆಯಿಂದ. ಎರಡು ವರ್ಷದಿಂದ ಹೊಲಗಾಲುವೆಯ ನೀರು ನನ್ನ ಹೊಲದ ತನಕ ಬಂದು, ಮುಂದೆ ಹೋಗಲು ಒಲ್ಲೆ ಎನ್ನುತ್ತಿತ್ತು. ಕೆಳಗಿನ ಹೊಲದ ಖಾಜಾಸಾಬನ ಮೆಣಸಿನಗಿಡಗಳು ಹೂ ಉದುರಿಸತೊಡಗಿದ್ದವು. ಇನ್ನೊಂದು ವಾರ ನೀರು ಮುಟ್ಟದಿದ್ದರೆ ಅವನ ಬೆಳೆ ಮುಗಿದಂತೆಯೇ. "ಕಾಲುವಿ ಎಂಜಿನಿಯರ್ ಸಾಹೇಬರನ್ನ ನನಗ ಬಿಡು ಖಾಜಾ, ಮಾತಾಡೂದು ನನ್ನ ಕೆಲಸ" ಎಂದು ಅಂಗಡಿಕಟ್ಟೆಯಲ್ಲಿ ನಾಲ್ಕು ಜನರ ಮುಂದೆ ಹೇಳಿಬಿಟ್ಟೆ.

ಸಾಹೇಬರು ಮೈಸೂರು ಕಡೆಯವರು. ಅವರ ಡ್ರೈವರನಿಗೆ ಎರಡು ಬೀಡಾ ಕೊಡಿಸಿದ ಮೇಲೆ ಗುಟ್ಟು ಹೊರಬಿತ್ತು. ಸಾಹೇಬರಿಗೆ ಎಸ್ಪ್ರೆಸೊ ಯಂತ್ರದ ಕಾಫಿ ಬೇಕು. ಸಣ್ಣ ಬಟ್ಟಲಿನಲ್ಲಿ ಅರ್ಧ ಗಟ್ಟಿ ಕಾಫಿ, ಅರ್ಧ ಉಗಿಯಲ್ಲಿ ಕಾಸಿದ ಹಾಲು. ಅದು ಹೊಟ್ಟೆಗೆ ಬಿದ್ದರೆ ಯಾರು ಏನು ಹೇಳಿದರೂ ಹೂಂ ಎನ್ನುತ್ತಾರಂತೆ.

ಯಾದಗಿರಿಯಲ್ಲಿ ಮುಚ್ಚುತ್ತಿದ್ದ ಬೇಕರಿಯೊಂದರಲ್ಲಿ ಯಂತ್ರ ಸಿಕ್ಕಿತು. ಮಾಲೀಕ ಎರಡು ಸಣ್ಣ ಭಾಗಗಳನ್ನು ಬಹಳ ಹೊಗಳಿದ: ಕಾಫಿಪುಡಿ ತುಂಬುವ ಜಾಲರಿ ಮತ್ತು ಹಾಲಿಗೆ ಉಗಿ ಬಿಡುವ ನಳಿಗೆಯ ತುದಿ. ಇವಿಲ್ಲದೆ ಯಂತ್ರವೇ ಇಲ್ಲ ಎಂದ. ನಾನು ಒಳಗೇ ನಕ್ಕೆ. ಎರಡನ್ನೂ ಅವನ ಟೇಬಲ್ ಮೇಲೆ ಬಿಟ್ಟು, ರೇಟು ಇಳಿಸಿ, ಯಂತ್ರವನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಬಂದೆ.

ನನ್ನ ಹೆಂಡತಿ ನೀಲಮ್ಮ ಅದರ ಸುತ್ತ ಒಂದು ಸುತ್ತು ಹಾಕಿದಳು.

"ಏನ್ರಿ, ಪೂರಾ ತಂದೀರೋ, ಅರ್ಧ ಅಲ್ಲೇ ಬಿಟ್ಟು ಬಂದೀರೋ?"

"ಚಹಾದ ಜಾಳಿಗಿ ಕೊಡು. ಉಳಿದದ್ದು ಅಂಗಡ್ಯಾಗ ಐತಿ."

ಇತ್ತು. ಹತ್ತಿಗೆ ಔಷಧ ಹೊಡೆಯುವ ಪಂಪಿನ ನಾಜಲ್. ಪಾಕೀಟು ಒಡೆಯದ, ಔಷಧದ ಮುಖ ನೋಡದ ಹೊಚ್ಚಹೊಸದು. ರಬ್ಬರ್ ರಿಂಗು ಹಾಕಿ ತಿರುಗಿಸಿದರೆ ನಳಿಗೆಗೆ ಹೇಳಿ ಮಾಡಿಸಿದಂತೆ ಕೂತಿತು.

ಮರುದಿನ ಬೆಳಗ್ಗೆ, ಕಾಫಿಗೆಂದು ನಾನು ಕರೆದಿದ್ದ ಸಾಹೇಬರ ಜೀಪು ಬಂತು. ಖಾಜಾಸಾಬ ಹೊಸ ಟವೆಲ್ ಹೆಗಲಿಗೆ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದ. ನಾನು ಅಡುಗೆಮನೆಯಲ್ಲಿ ಜಾಳಿಗೆಗೆ ಪುಡಿ ತುಂಬಿ, ಯಂತ್ರದ ಬಾಯಿಗೆ ಸಿಕ್ಕಿಸಿ, ಗುಂಡಿ ಒತ್ತಿದೆ. ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಬಂತು. ಜಾಳಿಗೆಯ ಸಮೇತ ಬಂತು. ಬಟ್ಟಲಿಗೆ ಒಂದು ಚಮಚ, ಗೋಡೆಗೆ ಉಳಿದದ್ದು.

ಸಪ್ಪಳ ಕೇಳಿ ಎಲ್ಲರೂ ಬಾಗಿಲಿಗೆ ಬಂದು ನಿಂತರು. ಈಗ ಹಿಂಜರಿದರೆ ಮರ್ಯಾದೆ ಉಳಿಯದು. ನಳಿಗೆಯನ್ನು ಹಾಲಿಗಿಳಿಸಿ ಉಗಿ ಬಿಟ್ಟೆ.

'ಎಲೆಯ ಅಡಿಭಾಗಕ್ಕೂ ಸಮನಾಗಿ ಸಿಂಪಡಿಸುತ್ತದೆ' ಎಂದು ನಾಜಲ್ ಪಾಕೀಟಿನ ಮೇಲೆ ಬರೆದಿತ್ತು. ಸುಳ್ಳಲ್ಲ! ಛತ್ತಿಗೆ, ಗೂಡಿನ ಡಬ್ಬಿಗಳಿಗೆ, ಸಾಹೇಬರ ಕನ್ನಡಕಕ್ಕೆ ಹಾಲು ಸಮನಾಗಿ ಹಂಚಿಹೋಯಿತು. ಖಾಜಾಸಾಬ ಹೊಸ ಟವೆಲಿನಿಂದ ಮುಖ ಒರೆಸಿಕೊಂಡು ಮೆಲ್ಲಗೆ ಹೇಳಿದ: "ಸಾವಕಾರ್ರ, ಒಂದ್ ಎಕರೇಕ ಆರಾಮ ಸಾಕಾಗ್ತಿತ್ತು ನೋಡ್ರಿ."

ಸಾಹೇಬರು ಯಂತ್ರ ಆರಿಸಿ, ಕನ್ನಡಕ ಒರೆಸಿಕೊಂಡರು. ನಳಿಗೆ ತಣ್ಣಗಾದ ಮೇಲೆ ನಾಜಲ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ, ಯಾಕೋ ಜೇಬಿಗಿಳಿಸಿದರು. ನೀಲಮ್ಮ ಚಹಾ ತಂದಿಟ್ಟಳು. ಸಾಹೇಬರು ನಮ್ಮ ಹಾಗೆಯೇ ಕಪ್ಪಿನಿಂದ ಬಸಿಗೆ ಸುರಿದುಕೊಂಡು ಕುಡಿದರು, ಇನ್ನರ್ಧ ಕೇಳಿ ಹಾಕಿಸಿಕೊಂಡರು. ನಾನು ಡ್ರೈವರನ ಮುಖ ನೋಡಿದೆ. ಅವನು ಜೀಪು ಒರೆಸಲು ಹೋದ.

ಆಮೇಲೆ ಎಲ್ಲರೂ ಕಾಲುವೆಗುಂಟ ನಡೆದೆವು. ಎರಡು ವರ್ಷದ ಹಿಂದೆ ನನ್ನ ಟ್ರ್ಯಾಕ್ಟರ್ ದಾಟಲೆಂದು ಹೊಲಗಾಲುವೆಯಲ್ಲಿ ನಾನೊಂದು ಸಿಮೆಂಟ್ ಪೈಪು ಇಟ್ಟು ಮೇಲೆ ಮಣ್ಣು ಹಾಕಿಸಿದ್ದೆ. ಪೈಪು ಮಾರಿದವನು ದೊಡ್ಡ ಬಾಯಿಯದನ್ನು ಬಹಳ ಹೊಗಳಿದ್ದ. ಹಾಗಾಗಿ ಸಣ್ಣದು ತಂದಿದ್ದೆ.

ಸಾಹೇಬರು ಬಗ್ಗಿ ನೋಡಿದರು. ಪೈಪಿನ ಈಚೆ ನೀರು ತುಂಬಿ ನಿಂತಿತ್ತು. ಆಚೆ ಬೆರಳಿನಷ್ಟು ಧಾರೆ. ಅವರು ಜೇಬಿನಿಂದ ನಾಜಲ್ ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಇದಕ್ಕೂ ನೀವೇ ನಾಜಲ್ ಹಾಕಿದ್ದೀರಾ?"

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಖಾಜಾಸಾಬ ನೀರನ್ನೇ ನೋಡುತ್ತ, "ಎರಡ್ ವರ್ಷ ಸುಮ್ನ ಸರಕಾರಕ್ಕ ಬೈದ್ವಿ" ಎಂದಷ್ಟೇ ಹೇಳಿ, ಚಪ್ಪಲಿ ಬಿಟ್ಟು ಸಲಿಕೆ ಹಿಡಿದು ಇಳಿದ. ಅವನ ಹಿಂದೆ ನಾನೂ ಇಳಿದೆ. ಸಂಜೆಯ ಹೊತ್ತಿಗೆ ಪೈಪು ದಂಡೆಯ ಮೇಲಿತ್ತು, ನೀರು ಮೆಣಸಿನಗಿಡದ ಬುಡದಲ್ಲಿತ್ತು, ನಾನು ಮೊಣಕಾಲುದ್ದ ಕೆಸರಿನಲ್ಲಿದ್ದೆ.

ಸಲಹೆ ಕೊಡುವ ಚಟ ಮಾತ್ರ ಹೋಗಿಲ್ಲ. ಮನೆಗೆ ಯಾರಾದರೂ ಬಂದರೆ, "ನೋಡ್ರಿ, ಯಾವುದೇ ಸಾಮಾನು ತಗೊಳ್ಳೂಮುಂದ..." ಎಂದು ನನ್ನ ಬಾಯಿ ತಾನಾಗಿಯೇ ಸುರುವಾಗುತ್ತದೆ. ನೀಲಮ್ಮ, ದೀಪಾವಳಿಗೂ ತಾನು ಸುಣ್ಣ ಬಳಿಯಗೊಡದ, ಹಾಲಿನ ಕಲೆಯ ಅಡುಗೆಮನೆ ಛತ್ತನ್ನು ಬಾಗಿಲಿನಿಂದಲೇ ಒಮ್ಮೆ ತಲೆಯೆತ್ತಿ ನೋಡುತ್ತಾಳೆ. ಬಂದವರೂ ನೋಡುತ್ತಾರೆ.

ನಾನು ಚಹಾ ಬಸಿಗೆ ಸುರಿದುಕೊಳ್ಳುತ್ತೇನೆ.