ರಾಮಾಪುರದವರು ಮಂಗಳೂರು ಕಟ್ಟಿದ್ದು

ಮಂಗಳೂರಿನಲ್ಲಿ ಗಾರೆ ಕೆಲಸ ಮಾಡುವ ನಾನು ವರ್ಷಕ್ಕೆರಡು ಸಲ ರಾಮಾಪುರಕ್ಕೆ ಬರುತ್ತೇನೆ. ಬಸ್ಸಿಳಿದ ತಕ್ಷಣ ಟೀ ಅಂಗಡಿಯಲ್ಲಿ ಯಾರಾದರೂ ಅಂದೇ ಅನ್ನುತ್ತಾರೆ, "ನಿನಗೇನ್ಲಾ, ಸಮುದ್ರದ್ ಗಾಳಿ ಕುಡ್ಕಂಡು ಸುಖವಾಗಿದ್ದೀಯ." ಸುಖ ಅಂದರೆ ಅಷ್ಟಿಷ್ಟಲ್ಲ. ತಿಂಗಳಿಗೊಂದಾದರೂ ಇಂಥದ್ದು ನಡೆಯುತ್ತಲೇ ಇರುತ್ತದೆ.

ಕನ್ನಡ ಪರೀಕ್ಷೆ

ನನ್ನ ಜೊತೆ ಹೋದವನು ಮುಳ್ಳೂರಿನ ಚಿಕ್ಕಮ್ಮನ ಮಗ. ಸೇರಿದ ವಾರವೇ ಅಂಗಡಿಗೆ ಹೋಗಿ, "ಅಣ್ಣ, ಒಂದ್ ಸೋಪ್ ಕೊಡಿ, ಬಿರ್‍ನೆ ಓಯ್ತೀನಿ" ಅಂದ. ಅಂಗಡಿಯವರು ಅವನ ಮುಖ ನೋಡಿ ಹಿಂದಿಯಲ್ಲಿ ಏನೋ ಕೇಳಿದರು. ಇವನು ಗಾಬರಿಯಾಗಿ ತನಗೆ ಬರುವ ಅರ್ಧಂಬರ್ಧ ತಮಿಳಿನಲ್ಲಿ ಕೇಳಿದ. ಸೋಪು ಸಿಕ್ಕಿತು.

ಆಮೇಲೆ ಕೆಲಸಗಾರರ ಪಟ್ಟಿ ಮಾಡಲು ಒಬ್ಬ ಅಧಿಕಾರಿ ಸೈಟಿಗೆ ಬಂದು ಇವನನ್ನು ಕೇಳಿದರು.

"ನೀವು ಯಾವ ರಾಜ್ಯದವರು?"

"ಕೊಳ್ಳೇಗಾಲದ್ ತಾವ ಸಾ."

"ಕನ್ನಡ ಎಷ್ಟು ವರ್ಷದಿಂದ ಮಾತಾಡ್ತೀರಿ?"

"ಉಟ್ಟಿದಾಗಿಂದ್ಲೂವೆ ಸಾ."

ಅವರು ಪೆನ್ನು ನಿಲ್ಲಿಸಿ, ಕನಿಕರದಿಂದ ಅಂದರು, "ಪರವಾಗಿಲ್ಲ. ಇನ್ನೊಂದು ವರ್ಷ ಇಲ್ಲೇ ಇದ್ರೆ ಸರಿಯಾಗ್ತದೆ."

ಪೆಟ್ಟಿಗೆ ಬಂದ ದಿನ

ಸುರಕ್ಷತೆಯ ತಪಾಸಣೆ ಅಂತ ಒಂದು ಬೆಳಿಗ್ಗೆ ನಮ್ಮ ಇಂಜಿನಿಯರು ದೊಡ್ಡ ಪೆಟ್ಟಿಗೆ ತುಂಬ ಹೊಸ ಹೆಲ್ಮೆಟ್ಟು, ಬೂಟು ತರಿಸಿದರು. "ಕವರ್ ತೆಗಿಬೇಡಿ ಮಾರಾಯ್ರೆ, ಸಂಜೆ ವಾಪಸ್ ಕೊಡ್ಲಿಕ್ಕುಂಟು" ಅಂದರು. ಪ್ಲಾಸ್ಟಿಕ್ ಕವರಿನ ಸಮೇತ ಹಾಕಿಕೊಂಡು ಸಾಲಾಗಿ ನಿಂತೆವು.

ತಪಾಸಣೆಗೆ ಬಂದವರು ನನ್ನನ್ನು ಕೇಳಿದರು, "ದಿನಾ ಹಾಕ್ತೀರಾ?"

"ಕೊಟ್ ದಿನ ತಪ್ಪುಸಲ್ಲ ಸಾ."

ಅವರು ಸಂತೋಷಪಟ್ಟು ಫೋಟೋ ತೆಗೆಸಿಕೊಂಡು ಹೋದರು. ಅವರ ಕಾರು ಗೇಟು ದಾಟುತ್ತಲೇ ಎಲ್ಲ ಬಿಚ್ಚಿ ಪೆಟ್ಟಿಗೆಗೆ ತುಂಬಿದೆವು. ಇಂಜಿನಿಯರು ತಾವು ಹಾಕಿದ್ದ ಬೂಟನ್ನೂ ಬಿಚ್ಚಿ ಅದರಲ್ಲೇ ಇಟ್ಟರು. ನಾವಿಬ್ಬರು ಎತ್ತಿದೆವು, ಕೈ ಜಾರಿತು, ಪೆಟ್ಟಿಗೆ ಹೋಗಿ ಅವರ ಬರಿಗಾಲಿನ ಮೇಲೆ ಕೂತಿತು. ಹೆಬ್ಬೆರಳು ಮುರಿಯಿತು.

ಆ ವರ್ಷ ನಮ್ಮ ಸೈಟಿನ ರಿಜಿಸ್ಟರಿನಲ್ಲಿ ಇರುವುದು ಅದೊಂದೇ ಅಪಘಾತ. ಕಾರಣ ಅನ್ನುವ ಕಡೆ ಬರೆದಿದ್ದಾರೆ: 'ಸುರಕ್ಷತಾ ಸಾಮಗ್ರಿ.'

ಸಮುದ್ರ ಕಾಣುವ ಮನೆ

ಚಿಕ್ಕಮ್ಮನ ಮಗನಿಗೆ ಮಾಂಬಳ್ಳಿಯಲ್ಲಿ ಹೆಣ್ಣು ನೋಡಿದ್ದರು. ಅದಕ್ಕೆ ಮುಂಚೆ ಎರಡು ಕಡೆಯವರು ಬೇಡ ಅಂದಿದ್ದರು. ಈ ಹುಡುಗಿ ಅವನಿಗೆ ತುಂಬ ಹಿಡಿಸಿದ್ದಳು. ಅವಳ ಅಪ್ಪ ಫೋನಿನಲ್ಲಿ ವಾಸ ಎಲ್ಲಿ ಅಂತ ಕೇಳಿದಾಗ, "ಒಂಬತ್ತನೇ ಫ್ಲೋರ್ ಮಾವ, ಸಮುದ್ರ ಕಾಣ್ತದೆ" ಅಂದ.

ಸುಳ್ಳೇನಲ್ಲ. ನಾವು ಕಟ್ಟುತ್ತಿದ್ದ ಬಿಲ್ಡಿಂಗಿನಲ್ಲೇ ನಮ್ಮ ವಾಸ. ಒಂದು ಫ್ಲೋರಿಗೆ ಗೋಡೆ ಬಂದರೆ ನಮ್ಮ ಚಾಪೆ ಮೇಲಿನ ಫ್ಲೋರಿಗೆ ಹೋಗುತ್ತಿತ್ತು.

ಒಂದು ಭಾನುವಾರ ಮಾವ ಹೇಳದೆ ಕೇಳದೆ ಬಂದೇಬಿಟ್ಟರು. ಲಿಫ್ಟಿಲ್ಲ. ಮಂಡಿ ಹಿಡಿದುಕೊಂಡು ಒಂಬತ್ತು ಮಹಡಿ ಹತ್ತಿದರು. ಬಂದು ನೋಡಿದರೆ ಕಂಬಗಳು, ನಮ್ಮ ಚಾಪೆ, ಹಗ್ಗದ ಮೇಲೆ ಹಾರಾಡುವ ಲುಂಗಿ.

"ನೋಡಿ ಮಾವ, ಸಮುದ್ರ" ಅಂದ ಇವನು, ದನಿ ಬಾಯೊಳಗೇ ಇತ್ತು.

"ಸಮುದ್ರ ಸರಿ. ಮನೆ ಎಲ್ಲಪ್ಪ?"

ಇವನು ತಲೆ ತಗ್ಗಿಸಿ ಇದ್ದದ್ದು ಇದ್ದ ಹಾಗೆ ಹೇಳಿದ. ಮೂರನೇದೂ ಕೈಬಿಟ್ಟಿತು ಅಂದುಕೊಂಡೆ. ಮಾವ ಸಿಮೆಂಟ್ ಮೂಟೆಯ ಮೇಲೆ ಕೂತು ನೀರು ಕುಡಿದರು. ಸುತ್ತಲಿನ ಕಂಬಗಳನ್ನು ಒಂದೊಂದಾಗಿ ನೋಡಿದರು.

"ಗೋಡೆ ಕಟ್ಟೋರ್ ಯಾರು?"

"ನಾವೇ ಮಾವ."

"ಮತ್ತೆ ಕಟ್ಟು. ಗೋಡೆ ಆದ್ ದಿನ ಫೋನ್ ಮಾಡು, ಲಗ್ನ ಇಟ್ಕಂಡುಬುಡಾನ."

ಅವರು ಇಳಿದು ಹೋದ ಮೇಲೆ ನಾನಂದೆ, "ಗೋಡೆ ಆದ್ರೆ ನಮ್ಮುನ್ನ ಇಲ್ಲಿ ಮಡುಗ್ತಾರೇನ್ಲಾ?"

"ಅದ್ನ ಅವ್ರು ಕೇಳ್ನಿಲ್ವಲ್ಲ" ಅಂದ.

ಮೂರು ಸಲ ಕೂಗಿದರೂ ಏಳದವನು ಆಗಿಂದ ಎಲ್ಲರಿಗಿಂತ ಮುಂಚೆ ಎದ್ದು ಕರಣೆ ಹಿಡಿದ. ಗೋಡೆ ಎದ್ದ ದಿನವೇ ಫೋನ್ ಮಾಡಿದ. "ಒಂಬತ್ತನೇ ಫ್ಲೋರಿಗೆ ನಾಕೂ ಕಡೆ ಗೋಡೆ ಆಯ್ತು ಮಾವ" ಅಂದ. ಲಗ್ನ ಗೊತ್ತಾಯಿತು.

ಮಾತಾಡಿದ್ದು ಹತ್ತನೇ ಫ್ಲೋರಿಂದ.