ಹುಣಸೆ ಬೀಜದ ಅರ್ಧಾಯು

ಗುಬ್ಬಿ ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರು. ದಿನಾ ತುಮಕೂರಿನಿಂದ ಬಸ್ಸಿನಲ್ಲಿ ಓಡಾಡುತ್ತೇನೆ. ಪರಮಾಣು ಕಣ್ಣಿಗೆ ಕಾಣುವುದಿಲ್ಲ. ಕಾಣದ್ದನ್ನು ನಂಬಿಸಲು ಹೊರಟವರ ಪಾಡೇ ಹೀಗೆ. ಒಂಬತ್ತನೇ ತರಗತಿಗೆ ಆ ಪಾಠ ಶುರುವಾಯಿತೆಂದರೆ ನನಗೆ ಏನಾದರೊಂದು ಗ್ರಹಚಾರ ಕಾದಿರುತ್ತದೆ. ಈ ವರ್ಷದ್ದು ಹೇಳುತ್ತೇನೆ.

೧. ಮೈದಾನದಲ್ಲಿ ಸೋಡಿಯಂ

ಬೋರ್ಡಿನ ಮೇಲೆ ವೃತ್ತ ಬರೆದರೆ ಮಕ್ಕಳು ಆಕಳಿಸುತ್ತಾರೆ. ಅದಕ್ಕೆ ಪಿ.ಟಿ. ಮೇಷ್ಟ್ರನ್ನು ಕಾಡಿ ಸುಣ್ಣದ ಪುಡಿ ಇಸಿದುಕೊಂಡು ಮೈದಾನದಲ್ಲಿ ಮೂರು ವೃತ್ತ ಎಳೆದೆ. ನಡುವೆ ಹನ್ನೊಂದು ಪ್ರೋಟಾನು, ಹನ್ನೆರಡು ನ್ಯೂಟ್ರಾನು ಒತ್ತಾಗಿ ನಿಂತವು. ಸುತ್ತ ಎರಡು, ಎಂಟು, ಒಂದು ಅಂತ ಎಲೆಕ್ಟ್ರಾನುಗಳು ಓಡಿದವು. ಕೊನೆಯ ವೃತ್ತದ ಒಂಟಿ ಎಲೆಕ್ಟ್ರಾನು ಎರಡು ಜಡೆಯ ಒಬ್ಬ ಹುಡುಗಿ. ಪ್ರಶ್ನೆ ಕೇಳಿ ಕೇಳಿ ನನ್ನ ತಲೆ ತಿನ್ನುವವಳು ಅವಳೇ.

"ನ್ಯೂಟ್ರಾನುಗಳು ನಡು ಬಿಟ್ಟು ಅಲ್ಲಾಡುವುದಿಲ್ಲ" ಎಂದು ನಾನು ವಿವರಿಸುತ್ತಿರುವಾಗಲೇ ಬಿಸಿಯೂಟದ ಗಂಟೆ ಹೊಡೆಯಿತು. ಎಲೆಕ್ಟ್ರಾನುಗಳು ತಟ್ಟೆ ಹಿಡಿಯಲು ಓಡಿದವು. ಹಿಂದೆಯೇ ಪ್ರೋಟಾನುಗಳು. ಹನ್ನೆರಡು ನ್ಯೂಟ್ರಾನುಗಳು ಮಾತ್ರ ಬಿಸಿಲಲ್ಲಿ ನಿಂತೇ ಇದ್ದವು.

"ನೀವ್ಯಾಕ್ರೋ ಹೋಗ್ಲಿಲ್ಲ?"

"ಅಲ್ಲಾಡಲ್ಲ ಅಂದ್ರಲ್ಲ ಮಿಸ್," ಎಂದ ಒಬ್ಬ ಸಪ್ಪೆ ಮುಖ ಮಾಡಿ. "ಇವತ್ತು ಮೊಟ್ಟೆ ಕೊಡೋ ದಿನ. ನಾಳೆಯಿಂದ ನಮ್ಮನ್ನೂ ಎಲೆಕ್ಟ್ರಾನ್ ಮಾಡಿ."

೨. ಹೆಡ್ ಮೇಷ್ಟ್ರ ಸರದಿ

ಅಯೋಡಿನ್ನಿನ ಒಂದು ಐಸೋಟೋಪನ್ನು ಗಳಗಂಡಕ್ಕೆ ಔಷಧಿಯಾಗಿ ಬಳಸುತ್ತಾರೆ ಎಂದು ಹೇಳಿ ಮುಂದೆ ಹೋಗುವವಳಿದ್ದೆ. ಎರಡು ಜಡೆಯವಳು ಎದ್ದು, "ಅದು ಮೈಯೊಳಗೆ ಎಷ್ಟು ದಿನ ಇರ್ತದೆ ಮಿಸ್?" ಎಂದಳು. ಸಿಲಬಸ್ಸಿನಲ್ಲಿಲ್ಲದ ಪ್ರಶ್ನೆ ಕೇಳಿದರೆ ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಯಾಕೆ ಕೇಳಿದೆ ಅಂತ ವಿಚಾರಿಸಲೂ ಇಲ್ಲ. "ಎಂಟು ದಿನಕ್ಕೆ ಅರ್ಧ ಆಗುತ್ತೆ. ಇನ್ನೆಂಟು ದಿನಕ್ಕೆ ಉಳಿದದ್ದರಲ್ಲಿ ಅರ್ಧ. ಇದಕ್ಕೇ ಅರ್ಧಾಯು ಅನ್ನೋದು" ಎಂದೆ.

ಮಾರನೇ ದಿನ ಎಲ್ಲರಿಂದಲೂ ಚೌಕಾಬಾರದ ಹುಣಸೆ ಬೀಜ ತರಿಸಿದೆ. ಒಂದು ಮಗ್ಗುಲು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿರುತ್ತಾರಲ್ಲ, ಅಂಥವು. ಅರವತ್ತನಾಲ್ಕು ಬೀಜ ಚೆಲ್ಲುವುದು, ಬಿಳಿ ಮಗ್ಗುಲು ಮೇಲಾಗಿ ಬಿದ್ದವನ್ನು ಎತ್ತಿಡುವುದು, ಉಳಿದವನ್ನು ಮತ್ತೆ ಚೆಲ್ಲುವುದು. ಪ್ರತಿ ಸಲ ಹೆಚ್ಚುಕಡಿಮೆ ಅರ್ಧ ಹೋಗುತ್ತವೆ.

ಗಲಾಟೆ ಕೇಳಿ ಹೆಡ್ ಮೇಷ್ಟ್ರು ಬಂದರು. "ಏನ್ ಮೇಡಂ, ಕ್ಲಾಸಲ್ಲಿ ಚೌಕಾಬಾರನಾ?" ಎಂದು ಕಣ್ಣು ಬಿಟ್ಟರು. ನಾನು ವಿವರಿಸಿದೆ. "ಎಲ್ಲಿ, ಒಂದ್ಸಲ ಕೊಡಿ" ಎಂದು ಪ್ಯಾಂಟು ಮೇಲೆಳೆದುಕೊಂಡು ನೆಲಕ್ಕೆ ಕೂತರು. ಕೊನೆಯ ಒಂದೇ ಒಂದು ಬೀಜ ನಾಲ್ಕು ಸಲ ಚೆಲ್ಲಿದರೂ ಬೆಳ್ಳಗೆ ಬೀಳಲಿಲ್ಲ. ಅಷ್ಟರಲ್ಲಿ ಬೆಲ್ಲಾಯಿತು.

"ಮುಂದಿನ ಪೀರಿಯಡ್ ಯಾರದ್ರೋ?"

"ನಿಮ್ದೇ ಸಾರ್, ಇಂಗ್ಲಿಷು."

"ಸರಿ ಹಾಗಾದ್ರೆ, ಯಾರೂ ಏಳ್ಬೇಡಿ," ಎಂದು ಬೀಜ ಮತ್ತೆ ಕೈಗೆತ್ತಿಕೊಂಡರು.

೩. ಅಜ್ಜಿಯ ಪಾಯಿಂಟು

ಒಂದಷ್ಟು ದಿನ ಕಳೆದ ಮೇಲೆ ಎರಡು ಜಡೆಯವಳು ಇದ್ದಕ್ಕಿದ್ದ ಹಾಗೆ ಮೌನವಾದಳು. ಮೂರು ದಿನ ಒಂದೂ ಪ್ರಶ್ನೆ ಇಲ್ಲ. ಸ್ಟಾಫ್ ರೂಮಿಗೆ ಕರೆದು ಏನಾಯಿತೇ ಅಂದರೆ ಅತ್ತೇಬಿಟ್ಟಳು.

ಅವಳ ತಾಯಿಗೆ ಥೈರಾಯಿಡ್ ತೊಂದರೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಅದೇ ಅಯೋಡಿನ್ ಔಷಧಿ ಕೊಟ್ಟು, ಹದಿನಾಲ್ಕು ದಿನ ಮೂರು ವರ್ಷದ ಮಗನಿಂದ ದೂರ ಇರಿ ಎಂದು ಚೀಟಿ ಬರೆದು ಕಳಿಸಿದ್ದರು. ಆಯಮ್ಮ ಹಿತ್ತಲ ರೂಮು ಸೇರಿದ್ದರು. ಈಗ ಹದಿನೇಳನೇ ದಿನ. ಅಜ್ಜಿ ಸೊಸೆಯನ್ನು ಒಳಗೆ ಬಿಡುತ್ತಿಲ್ಲ.

"ತಪ್ಪು ನಂದೇ ಮಿಸ್. ಧೈರ್ಯ ಬರ್ಲಿ ಅಂತ ನಾನೇ ಅಜ್ಜಿಗೆ ಅರ್ಧಾಯು ಹೇಳ್ಕೊಟ್ಟೆ. ಅರ್ಧದಲ್ಲಿ ಅರ್ಧ ಹೋದ್ರೂ ಅರ್ಧ ಇದ್ದೇ ಇರ್ತದಲ್ಲ, ಅದು ಯಾವತ್ತಿಗೆ ಮುಗೀತದೆ ಹೇಳು ಅಂತಾಳೆ. ತಮ್ಮ ದಿನಾ ಅಮ್ಮ ಅಮ್ಮ ಅಂತ ಅಳ್ತಾನೆ."

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ.

"ನಿಮ್ಮಪ್ಪ ಏನಂತಾರೆ?"

ಕಣ್ಣೊರೆಸಿಕೊಂಡು ಹೇಳಿದಳು: "ಅವ್ವನ ಪಾಯಿಂಟು ಕರೆಕ್ಟಾಗೈತೆ ಅಂತಾರೆ."

೪. ಕೊನೆಯ ಬೀಜ

ಶಾಲೆ ಬಿಟ್ಟ ಮೇಲೆ ಅವಳ ಜೊತೆ ಮನೆಗೇ ಹೋದೆ. ಹಿತ್ತಲ ಜಗಲಿಯ ಮೇಲೆ ಕೂತು, ಚೀಟಿಯಲ್ಲಿದ್ದ ಆಸ್ಪತ್ರೆಯ ನಂಬರಿಗೆ ಫೋನು ಮಾಡಿ ಸ್ಪೀಕರ್ ಹಾಕಿದೆ. ನರ್ಸು ಫೈಲು ನೋಡಿ, "ಡೇಟ್ ಮುಗಿದು ಮೂರು ದಿನ ಆಯ್ತಲ್ಲ. ಮಗೂನ ಎತ್ಕೋಬಹುದು" ಎಂದರು.

ಅಜ್ಜಿ ಜಗ್ಗಲಿಲ್ಲ. "ಆ ನರ್ಸಮ್ಮ ಬೆಂಗ್ಳೂರಲ್ಲವ್ಳೆ. ಕೂಸು ಇಲ್ಲೈತೆ. ಸಾವಿನ ಸೂತಕ ಹನ್ನೊಂದು ದಿನಕ್ಕೆ ಪೂರ್ತಿ ಹೋಯ್ತದೆ. ಅರ್ಧರ್ಧ ಹೋಗೋದು ಅದ್ಯಾವ ಸೀಮೆ ಸೂತಕ ಟೀಚರಮ್ಮ?"

ಹುಡುಗಿ ಹುಣಸೆ ಬೀಜ ತಂದು ಸುರಿದಳು. ಅಜ್ಜಿಯ ಕೈಗೇ ಕೊಟ್ಟೆ. ಅರವತ್ತನಾಲ್ಕು ಮೂವತ್ತಾಯಿತು. ಹದಿನೇಳು, ಎಂಟು, ಮೂರು, ಆಮೇಲೆ ಒಂದು. ಆ ಒಂದು ಕಪ್ಪಗೇ ಬಿತ್ತು. ಮತ್ತೆ ಚೆಲ್ಲಿದರೆ ಮತ್ತೂ ಕಪ್ಪು. ಹಿತ್ತಲ ರೂಮಿನ ಬಾಗಿಲಲ್ಲಿ ಹುಡುಗಿಯ ತಾಯಿ ಸೆರಗು ಹಿಡಿದು ನಿಂತಿದ್ದರು. ಮಗು ಅಪ್ಪನ ಕೈಯಿಂದ ಬಿಡಿಸಿಕೊಳ್ಳಲು ಒದ್ದಾಡುತ್ತಿತ್ತು. ನನಗೆ ಹೆಡ್ ಮೇಷ್ಟ್ರ ಬೀಜ ನೆನಪಾಯಿತು.

ಮೂರನೇ ಸಲ ಬೀಜ ಬೆಳ್ಳಗೆ ಬಿತ್ತು.

ಅಜ್ಜಿ ಅದನ್ನೆತ್ತಿ ಎರಡೂ ಮಗ್ಗುಲು ನೋಡಿದರು. "ಇದು ಅರ್ಧ ಹೋಗ್ಲಿಲ್ವಲ್ಲ. ಪೂರ್ತಿನೇ ಹೋಯ್ತು."

"ಅಷ್ಟೇ ಅಜ್ಜಿ. ಒಂದೊಂದು ಬೀಜ ಇದ್ರೆ ಇರುತ್ತೆ, ಹೋದ್ರೆ ಪೂರ್ತಿ ಹೋಗುತ್ತೆ. ಅರ್ಧ ಬೀಜ ಅಂತ ಇಲ್ಲ. ಇನ್ನು ಮೈಯಲ್ಲಿ ಚೂರುಪಾರು ಉಳಿದಿದ್ರೂ ಕೂಸಿಗೆ ತೊಂದ್ರೆ ಆಗಲ್ಲ ಅಂತ ಲೆಕ್ಕ ಹಾಕಿಯೇ ಡಾಕ್ಟ್ರು ಆ ದಿನ ಬರೆದಿರೋದು."

ಅಜ್ಜಿ ಬೀಜ ಕೆಳಗಿಟ್ಟು, ಮಗನ ಕಡೆ ತಿರುಗಿ, "ಬುಡ್ಲಾ ಮಗೀನ" ಎಂದರು.

ಮಗು ಓಡಿದ ರಭಸಕ್ಕೆ ತಾಯಿ ಬಾಗಿಲಲ್ಲೇ ಕುಸಿದು ಕೂತರು. ಅಳುವೂ ನಗುವೂ ಒಟ್ಟಿಗೇ ಬಂದವು ಅವರಿಗೆ. ನನಗೂ ಬಂದವು, ಮುಚ್ಚಿಡುವುದೇನು.

"ಮಿಸ್, ಕೊನೇ ಬೀಜ ಯಾವಾಗ ಹೋಗ್ತದೆ ಅಂತ ಮೊದ್ಲೇ ಹೇಳಕ್ಕಾಗಲ್ವಾ?" ಎಂದು ಕೇಳಿತು ಪಕ್ಕದಿಂದ ಒಂದು ದನಿ. ಎರಡು ಜಡೆಯವಳು ಮತ್ತೆ ಶುರುವಾಗಿದ್ದಳು.

"ಯಾರಿಗೂ ಆಗಲ್ಲ ಕಣೇ" ಎನ್ನುವಷ್ಟರಲ್ಲಿ ಅಜ್ಜಿ ಚಾಪೆ ದಿಂಬು ಸುತ್ತಿಕೊಂಡು ಹಿತ್ತಲ ರೂಮಿನ ಕಡೆ ಹೊರಟಿದ್ದು ಕಾಣಿಸಿತು.

"ನೀವೆಲ್ಲಿಗೆ ಅಜ್ಜಿ?"

"ಹದಿನೇಳು ದಿನ ಒಬ್ಳೇ ಮುದ್ದೆ ತಿರುವಿವ್ನಿ. ಆ ಔಷ್ದಿ ನಂಗೂ ಒಂದು ಬರೆಸ್ಕೊಡಿ ಟೀಚರಮ್ಮ. ಅದು ಬರೋಗಂಟ ಯಾರೂ ನನ್ನ ಹತ್ರ ಸುಳೀಬ್ಯಾಡಿ," ಎಂದು ಬಾಗಿಲು ಹಾಕಿಕೊಂಡರು.